ಮಕ್ಕಳ ಆಟ, ಮನೆಯ ಕಾಯಕ

ದೀಪ ಹಚ್ಚುವ ಹೊತ್ತು. ಒಲೆಯ ಮೇಲಿನ ಬೇಳೆಯ ಕಡೆಗೆ ಒಂದು ಕಣ್ಣಿಟ್ಟು ತಾಯಿ ರೊಟ್ಟಿಯ ಹಿಟ್ಟು ನಾದುತ್ತಿದ್ದಾಳೆ. ಎರಡೂವರೆ ವರ್ಷದ ಕೂಸು ಬಂದು ಸೆರಗು ಜಗ್ಗಿ, ತನಗೂ ಹಿಟ್ಟು ಬೇಕೆಂದು ಹಟ ಹಿಡಿಯುತ್ತದೆ. “ನಿನಗ ತಿಳಿಯೂದಿಲ್ಲ, ಅತ್ಲಾಗ ಹೋಗಿ ಆಡ್ಕೋ ಹೋಗು” ಎಂದು ತಾಯಿ ಅದನ್ನು ಹೊರಗೆ ಕಳುಹಿಸುತ್ತಾಳೆ. ಎಂಟು ವರ್ಷಗಳು ಕಳೆಯುತ್ತವೆ. ಅದೇ ತಾಯಿ, ಅದೇ ಅಡಿಗೆಮನೆಯ ಬಾಗಿಲಲ್ಲಿ ನಿಂತು, “ಇಷ್ಟು ದೊಡ್ಡವನಾದರೂ ಒಂದು ಕಡ್ಡಿ ಎತ್ತಿ ಆ ಕಡೆ ಇಡೂದಿಲ್ಲ ನೋಡ್ರಿ” ಎಂದು ನೆರೆಮನೆಯವರ ಮುಂದೆ ದೂರು ಹೇಳುತ್ತಾಳೆ. ಮೊದಲನೆಯ ಮಾತಿಗೂ ಎರಡನೆಯ ಮಾತಿಗೂ ಇರುವ ಸಂಬಂಧವು ಆಕೆಗೆ ಹೊಳೆಯುವುದೇ ಇಲ್ಲ.

ಅನ್ಯರನ್ನು ಆಡಿಕೊಳ್ಳಲು ಈ ಮಾತನ್ನು ನಾವು ಎತ್ತಿಕೊಂಡಿಲ್ಲ. ನಮ್ಮ ಮನೆಯಲ್ಲಿ ನಡೆದದ್ದೂ ಇದೇ. ಅದನ್ನು ಸರಿಪಡಿಸುತ್ತೇವೆಂದು ಹೊರಟು ನಾವು ಮಾಡಿದ ಇನ್ನೂ ದೊಡ್ಡ ತಪ್ಪನ್ನು ಓದುಗ ಬಂಧುಗಳ ಮುಂದೆ ಇಡುವುದು ಈ ಬರಹದ ಉದ್ದೇಶ.

ನಮ್ಮದು ಧಾರವಾಡ ಸೀಮೆಯ ಒಂದು ಸಾಧಾರಣ ಮನೆ. ಅತ್ತೆಯವರು, ಯಜಮಾನರು, ಇಬ್ಬರು ಮಕ್ಕಳು. ಆಗ ಮಗಳಿಗೆ ಹನ್ನೆರಡು, ಮಗನಿಗೆ ಒಂಬತ್ತು. ಒಂದು ಬೇಸಿಗೆಯ ರಜೆಯಲ್ಲಿ, ಎಲ್ಲಿಯೋ ಓದಿದ್ದ ಉಪಾಯವನ್ನು ನೆಚ್ಚಿ, ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಒಂದು ಪಟ್ಟಿ ಬರೆದು ಅಡಿಗೆಮನೆಯ ಗೋಡೆಗೆ ಅಂಟಿಸಿದೆವು. ಹಾಸಿಗೆ ಮಡಿಚಿದರೆ ಎರಡು ರೂಪಾಯಿ, ಉಂಡ ತಾಟು ತೊಳೆದರೆ ಎರಡು, ಅಂಗಳ ಗುಡಿಸಿದರೆ ಐದು, ಕೊಡ ತುಂಬಿದರೆ ಐದು. ಶನಿವಾರ ಸಂಜೆ ಲೆಕ್ಕ ಚುಕ್ತಾ. ಮೊದಲನೆಯ ವಾರ ಮನೆ ಕನ್ನಡಿಯಂತೆ ಹೊಳೆಯಿತು; ಮಡಿಚಿದ ಹಾಸಿಗೆಯನ್ನು ಬಿಚ್ಚಿ ಮತ್ತೊಮ್ಮೆ ಮಡಿಚಿದ್ದೂ ಉಂಟು. ಎರಡನೆಯ ವಾರ ಅಂಗಳವು ಯಾರ ಪಾಲಿನದೆಂಬ ಜಗಳ ಹುಟ್ಟಿತು. ನಾಲ್ಕನೆಯ ವಾರ ಮಗನು ದರ ಏರಿಸಬೇಕೆಂದು ಕೇಳಿದ. ಮಗಳಂತೂ, ತನಗೆ ಸದ್ಯಕ್ಕೆ ರೊಕ್ಕ ಬೇಕಾಗಿಲ್ಲವೆಂದು ಪುಸ್ತಕ ಹಿಡಿದು ಕುಳಿತುಬಿಟ್ಟಳು. ಬೇಡವೆನ್ನುವವಳಿಗೆ ಹೇಳಲು ನಮ್ಮಲ್ಲಿ ಬೇರೆ ಮಾತೇ ಉಳಿದಿರಲಿಲ್ಲ.

ಆ ವರ್ಷದ ಮಳೆಗಾಲದಲ್ಲಿ ಅತ್ತೆಯವರು ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡರು. ಶಸ್ತ್ರಚಿಕಿತ್ಸೆಯಾಯಿತು, ತಿಂಗಳುಗಟ್ಟಲೆ ಮಂಚ ಬಿಡುವ ಹಾಗಿರಲಿಲ್ಲ. ಒಂದು ಮಧ್ಯಾಹ್ನ ಅವರು ಮೊಮ್ಮಗನನ್ನು ಕರೆದು, “ತಮ್ಮಾ, ಒಂದು ತಂಬಿಗಿ ನೀರು ತಂದುಕೊಡೋ” ಎಂದರು. ಹುಡುಗ ತಂದುಕೊಟ್ಟ. ಕೊಟ್ಟವನು ಅಲ್ಲಿಂದಲೇ ಅಡಿಗೆಮನೆಯ ಕಡೆ ತಿರುಗಿ, “ಅವ್ವಾ, ಅಜ್ಜಿಗೆ ನೀರು ಕೊಟ್ಟೇನಿ, ಬರಕೋ!” ಎಂದು ಕೂಗಿದ.

ಅತ್ತೆಯವರು ನಕ್ಕರು. “ನನ್ನ ನೀರಿಗೂ ರೇಟು ಬಂತೇನಪಾ?” ಎಂದು ಕೇಳಿದರು. ನಾವೂ ನಕ್ಕೆವು. ಆದರೆ ಆ ದಿನದಿಂದ ಅವರು ಮೊಮ್ಮಗನನ್ನು ಯಾವುದಕ್ಕೂ ಕರೆಯಲಿಲ್ಲವೆಂಬುದು ನಮ್ಮ ಗಮನಕ್ಕೆ ಬರಲಿಲ್ಲ. ನಾಲ್ಕೈದು ದಿನಗಳ ಮೇಲೆ, ನಡುರಾತ್ರಿ, ಮಗಳು ಎಚ್ಚತ್ತು ನೋಡಿದರೆ ಅಜ್ಜಿ ಮಂಚದಿಂದ ಇಳಿದು, ಒಂದು ಕೈಯಿಂದ ಗೋಡೆ ಹಿಡಿದುಕೊಂಡು ನೀರಿನ ಗಡಿಗೆಯ ಕಡೆಗೆ ತೆವಳುವಂತೆ ಹೆಜ್ಜೆ ಇಡುತ್ತಿದ್ದಾರೆ. ಇನ್ನೊಮ್ಮೆ ಬಿದ್ದಿದ್ದರೆ ಏನಾಗುತ್ತಿತ್ತೆಂಬುದನ್ನು ಡಾಕ್ಟರು ನಮಗೆ ಮೊದಲೇ ಹೇಳಿದ್ದರು. ಮಗಳು ಗಾಬರಿಯಿಂದ, “ಯಾಕ ಕರೀಲಿಲ್ಲ ಅಜ್ಜಿ?” ಎಂದಳು. “ಯಾರ ಹೆಸರಿಗೆ ಬರೀಬೇಕೋ ಏನೋ ಅಂತ ಸುಮ್ಮನಾದೆ ತಂಗಿ” ಎಂದರು ಅತ್ತೆಯವರು.

ಆ ಹಾಳೆಯನ್ನು ಬೆಳಗಾಗುವ ಮೊದಲೇ ಗೋಡೆಯಿಂದ ಕಿತ್ತೆವು.

ಹುಡುಗನ ತಪ್ಪೆನ್ನೋಣವೇ? ನಾವು ಹಾಕಿಕೊಟ್ಟ ಲೆಕ್ಕವನ್ನು ಅವನು ಪ್ರಾಮಾಣಿಕವಾಗಿ ಪಾಲಿಸಿದ್ದನು. ಕೆಲಸಕ್ಕೆ ಬೆಲೆಯಿದೆಯೆಂದು ಕಲಿಸಲು ಹೋಗಿ, ಬೆಲೆಯಿಲ್ಲದಿದ್ದರೆ ಅದು ಕೆಲಸವೇ ಅಲ್ಲವೆಂದು ಕಲಿಸಿಬಿಟ್ಟಿದ್ದೆವು. ಈ ವಿಷಯದಲ್ಲಿ ಮನಶ್ಶಾಸ್ತ್ರಜ್ಞರು ಬಹು ಹಿಂದೆಯೇ ಪ್ರಯೋಗ ನಡೆಸಿರುವರೆಂದು ಆಮೇಲೆ ಓದಿ ತಿಳಿದೆವು. 1973ರಲ್ಲಿ ಅಮೆರಿಕೆಯ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು, ಚಿತ್ರ ಬರೆಯುವುದರಲ್ಲಿ ಆಸಕ್ತಿಯಿದ್ದ ಶಿಶುವಿಹಾರದ ಮಕ್ಕಳಲ್ಲಿ ಕೆಲವರಿಗೆ “ಬರೆದರೆ ಬಹುಮಾನಪತ್ರ ಕೊಡುತ್ತೇವೆ” ಎಂದು ಮೊದಲೇ ಹೇಳಿ ಬರೆಯಿಸಿದರು. ಒಂದೆರಡು ವಾರಗಳ ನಂತರ ನೋಡಿದರೆ, ಆ ಮಕ್ಕಳು ತಾವಾಗಿಯೇ ಬಣ್ಣದ ಪೆನ್ನು ಹಿಡಿಯುವ ಹೊತ್ತು ಉಳಿದ ಮಕ್ಕಳಿಗಿಂತ ಅರ್ಧದಷ್ಟಕ್ಕೆ ಇಳಿದಿತ್ತು. ಜರ್ಮನಿಯಲ್ಲಿ ಫೆಲಿಕ್ಸ್ ವಾರ್ನೆಕೆನ್ ಹಾಗೂ ಮೈಕೆಲ್ ಟೊಮಸೆಲೊ ಎಂಬವರು 2006ರಲ್ಲಿ ಪ್ರಕಟಿಸಿದ ಪ್ರಯೋಗವು ಇನ್ನೂ ಸ್ವಾರಸ್ಯದ್ದು. ಬಟ್ಟೆ ಒಣಹಾಕುತ್ತಿದ್ದ ದೊಡ್ಡವರ ಕೈಯಿಂದ ಕ್ಲಿಪ್ಪು ಬಿದ್ದು, ಅದು ಅವರಿಗೆ ಎಟುಕದಿದ್ದಾಗ, ಕೇವಲ ಹದಿನೆಂಟು ತಿಂಗಳಿನ ಕೂಸುಗಳು ತಾವೇ ತೊಟ್ಟಾಡುತ್ತ ಹೋಗಿ ಎತ್ತಿಕೊಟ್ಟವು. ಯಾರೂ ಹೇಳಿರಲಿಲ್ಲ, ಏನೂ ಕೊಟ್ಟಿರಲಿಲ್ಲ. ಅವರೇ 2008ರಲ್ಲಿ ಇಪ್ಪತ್ತು ತಿಂಗಳಿನ ಕೂಸುಗಳಿಗೆ, ಹೀಗೆ ಎತ್ತಿಕೊಟ್ಟಾಗಲೆಲ್ಲ ಒಂದು ಆಟಿಕೆಯನ್ನು ಕೊಟ್ಟು ನೋಡಿದರು. ಬಹುಮಾನ ಪಡೆದ ಕೂಸುಗಳು ಆಮೇಲೆ ಎತ್ತಿಕೊಡುವುದನ್ನು ಕಡಿಮೆ ಮಾಡಿದವು.

ಅಂದರೆ ಮನೆಗೆಲಸದ ಉತ್ಸಾಹವನ್ನು ಮಕ್ಕಳಲ್ಲಿ ನಾವು ಹೊಸದಾಗಿ ಬಿತ್ತಬೇಕಾಗಿಲ್ಲ. ಅದು ಸೆರಗು ಜಗ್ಗುವ ವಯಸ್ಸಿನಲ್ಲಿಯೇ ಇರುತ್ತದೆ. ನಾವು ಅದನ್ನು ಮೊದಲು “ಅತ್ಲಾಗ ಹೋಗು” ಎಂದು ಆರಿಸಿ, ಅನಂತರ ರೊಕ್ಕ ಕೊಟ್ಟು ಹೊತ್ತಿಸಲು ನೋಡುತ್ತೇವೆ. ಇಟಲಿಯ ವೈದ್ಯೆ ಮಾರಿಯಾ ಮಾಂಟೆಸೊರಿಯವರು 1907ರಲ್ಲಿ ರೋಮ್ ನಗರದ ಬಡವರ ಕೇರಿಯೊಂದರಲ್ಲಿ ತೆರೆದ ಶಿಶುಮಂದಿರದಲ್ಲಿ ಕಂಡುಕೊಂಡ ಸಂಗತಿಯೂ ಇದೇ ಆಗಿತ್ತು. ಮಕ್ಕಳು ಅಂದದ ಆಟಿಕೆಗಳನ್ನು ಬದಿಗೊತ್ತಿ, ಮೇಜು ಒರೆಸುವುದು, ನೀರು ಸುರಿಯುವುದು, ತಟ್ಟೆ ಜೋಡಿಸುವುದು ಮೊದಲಾದ ನಿಜವಾದ ಕೆಲಸಗಳಿಗೆ ಮುಗಿಬೀಳುತ್ತಿದ್ದವು. ಮಕ್ಕಳ ಎತ್ತರಕ್ಕೆ ತಕ್ಕ ಮೇಜು, ಕೈಗೆ ತಕ್ಕ ಪೊರಕೆ ಇದ್ದರೆ ಸಾಕು, ಮಿಕ್ಕದ್ದನ್ನು ಅವೇ ಮಾಡುತ್ತವೆಂದು ಆಕೆ ಬರೆದರು. ಇದೇ ವಿದುಷಿ 1939ರಲ್ಲಿ ಭಾರತಕ್ಕೆ ಬಂದು, ಮಹಾಯುದ್ಧದ ವರ್ಷಗಳನ್ನು ಇಲ್ಲಿಯೇ ಕಳೆದು, ಮದರಾಸಿನ ಅಡ್ಯಾರಿನಲ್ಲಿ ನೂರಾರು ಶಿಕ್ಷಕರಿಗೆ ತರಬೇತು ಕೊಟ್ಟರು. ಇಂದು ನಮ್ಮ ಊರುಗಳಲ್ಲಿ ಅವರ ಹೆಸರನ್ನು ಬರೆದುಕೊಂಡ ಶಾಲೆಗಳಿಗೆ ಕಡಿಮೆಯಿಲ್ಲ. ಅಲ್ಲಿ ಹಣ ತೆತ್ತು ಮಗುವಿಗೆ ಬೇಳೆ ಆರಿಸುವುದನ್ನು ಕಲಿಸಿ, ಮನೆಗೆ ಬಂದ ಮೇಲೆ ಅದೇ ಮಗುವನ್ನು ಟಿ.ವಿ. ಮುಂದೆ ಕೂರಿಸಿ ನಾವು ಬೇಳೆ ಆರಿಸುತ್ತೇವೆ!

ಹಾಳೆ ಕಿತ್ತದ್ದಾಯಿತು, ಮುಂದೇನು ಎಂಬುದು ನಮಗೆ ತೋಚಲಿಲ್ಲ. ತೋಚಿದ್ದು ಮಂಚದ ಮೇಲಿದ್ದ ಅತ್ತೆಯವರಿಗೆ. ಎದ್ದು ಓಡಾಡಲಾಗದಿದ್ದರೂ ಅವರ ಕೈಗಳು ಸುಮ್ಮನಿರುತ್ತಿರಲಿಲ್ಲ. ಒಂದು ದಿನ ಮೊರದಲ್ಲಿ ಅಕ್ಕಿ ಹಾಕಿಸಿಕೊಂಡು ಹರಳು ಆರಿಸುತ್ತಿದ್ದಾಗ, ಒಂದು ಹಿಡಿಯಷ್ಟು ನೆಲಕ್ಕೆ ಚೆಲ್ಲಿತು. ಬೇಕೆಂದೇ ಚೆಲ್ಲಿದರೋ ಎಂಬ ಅನುಮಾನ ನಮಗೆ ಇಂದಿಗೂ ಇದೆ. ಮೊಮ್ಮಗನನ್ನು ಅವರು ಕರೆಯಲಿಲ್ಲ. ತಮ್ಮಷ್ಟಕ್ಕೆ ತಾವೇ ಎಂಬಂತೆ ಆಯ್ದಕ್ಕಿ ಮಾರಯ್ಯನ ಕಥೆ ಹೇಳತೊಡಗಿದರು. ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆ ದಂಪತಿಗಳು, ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದುದು, ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮನು “ಇದು ನಮ್ಮ ಪಾಲಿನದಲ್ಲ” ಎಂದು ತಿರುಗಿ ಕಳುಹಿಸಿದ್ದು, ಇವೆಲ್ಲ ನಮ್ಮ ಮನೆಗಳಲ್ಲಿ ಸರ್ವವಿದಿತವಾದ ಸಂಗತಿಗಳೇ. ಕಥೆ ಕೇಳುತ್ತ ಹುಡುಗ ನೆಲದ ಮೇಲೆ ಕುಳಿತ. ಕೇಳುತ್ತಲೇ ಒಂದೊಂದು ಕಾಳು ಆಯತೊಡಗಿದ. ಕಥೆ ಮುಗಿಯುವ ಹೊತ್ತಿಗೆ ಅವನ ಅಂಗೈಯಲ್ಲಿ ಒಂದು ಹಿಡಿ ಅಕ್ಕಿ ಇತ್ತು. “ಹೆಚ್ಚಿಗಿ ತಂದೀಯೇನು ನೋಡು, ಲಕ್ಕಮ್ಮ ಬೈತಾಳ” ಎಂದರು ಅಜ್ಜಿ. ಹುಡುಗ ನಕ್ಕು, ಅದರಲ್ಲಿ ಹತ್ತು ಕಾಳು ತೆಗೆದು ಅಂಗಳದ ಗುಬ್ಬಿಗಳಿಗೆ ಹಾಕಿ ಬಂದ. ಆ ಸಂಜೆ ಯಾರೂ ಏನನ್ನೂ ಬರೆದುಕೊಳ್ಳಲಿಲ್ಲ.

ಮರುದಿನದಿಂದ ಅತ್ತೆಯವರು ಅವನನ್ನು “ಆಯ್ದಕ್ಕಿ ಮಾರಯ್ಯ” ಎಂದೇ ಕರೆದರು. ಇದು ನೋಡಲು ಸಣ್ಣ ವಿನೋದ. ಆದರೆ ಆಲೋಚಿಸಿದರೆ, ಹನ್ನೆರಡನೆಯ ಶತಮಾನದ ಶರಣರ ಹೆಸರುಗಳಲ್ಲಿಯೇ ಈ ಸೊಗಸು ಅಡಗಿದೆ. ಮನೆತನದ ಹೆಸರನ್ನೋ ಊರಿನ ಹೆಸರನ್ನೋ ಹಿಡಿದು ಕರೆಯುವುದಕ್ಕೆ ಬದಲಾಗಿ, ಅವರಲ್ಲಿ ಅನೇಕರನ್ನು ಕೈಯ ಕೆಲಸವನ್ನು ಹಿಡಿದು ಕರೆದರು. ಹುಲ್ಲಿನ ಹಗ್ಗ ಹೊಸೆಯುವವನು ನುಲಿಯ ಚಂದಯ್ಯ. ಭತ್ತ ಕುಟ್ಟುವವಳು ಕೊಟ್ಟಣದ ಸೋಮಮ್ಮ. ಕದಿರು ತಿರುಗಿಸಿ ನೂಲುವವಳು ಕದಿರ ರೆಮ್ಮವ್ವೆ. ಶಿವಶರಣರ ಮನೆಯಂಗಳವನ್ನು ಗುಡಿಸುವುದು ಸತ್ಯಕ್ಕನ ಕಾಯಕವಾಗಿತ್ತೆಂದು ಪರಂಪರೆ ಹೇಳುತ್ತದೆ. ಕುಟ್ಟುವುದು, ನೂಲುವುದು, ಗುಡಿಸುವುದು, ಆಯುವುದು: ಇವೆಲ್ಲವೂ ಮನೆಯ ಹೆಣ್ಣುಮಕ್ಕಳು ಹೆಸರಿಲ್ಲದೆ ಮಾಡುತ್ತಿದ್ದ ಕೆಲಸಗಳೇ ಅಲ್ಲವೇ? ಆ ಕೆಲಸಗಳು ಅಲ್ಲಿ ಬಿರುದುಗಳಾದವು. ನಮ್ಮ ಮನೆಯಲ್ಲಿ ಮಗಳು ಕಸಬರಿಗೆ ಹಿಡಿದು “ಸತ್ಯಕ್ಕ”ಳಾದಳು. ಎರಡೇ ದಿನಗಳಲ್ಲಿ ಮಗನಿಗೂ ಸತ್ಯಕ್ಕನ ಕೆಲಸ ಬೇಕೆನಿಸಿ, ಕಸಬರಿಗೆಗಾಗಿ ಎಳೆದಾಟವಾಯಿತು. ರೂಪಾಯಿಗಾಗಿ ನಡೆದ ಜಗಳಕ್ಕೂ ಈ ಜಗಳಕ್ಕೂ ಇದ್ದ ವ್ಯತ್ಯಾಸವನ್ನು ಕಂಡು ನಾವು ಬಾಯಿ ಹಾಕಲಿಲ್ಲ. ಎರಡನೆಯ ಕಸಬರಿಗೆಯನ್ನು, ಹಿಡಿ ಕತ್ತರಿಸಿ ಗಿಡ್ಡ ಮಾಡಿ, ತಂದುಕೊಟ್ಟೆವು.

ಆ ತಿಂಗಳುಗಳಲ್ಲಿ ನಾವು ಕಲಿತದ್ದನ್ನು ತಾಯಂದಿರಿಗೆ ಉಪಯೋಗವಾದೀತೆಂದು ಹೇಳುತ್ತೇವೆ. ಮಕ್ಕಳಿಗೆ ಚೂರು ಕೆಲಸ ಸೇರುವುದಿಲ್ಲ. “ಆ ಡಬ್ಬಿ ತಾ, ಈ ಚಮಚ ಇಡು, ಬಾಗಿಲು ಹಾಕು” ಎಂದು ಓಡಾಡಿಸುವುದನ್ನು ನಾವು ಕೆಲಸ ಕಲಿಸುವುದೆಂದು ತಿಳಿದಿರುತ್ತೇವೆ. ಮಗುವಿಗೆ ಅದು ಬರಿಯ ಅಪ್ಪಣೆ. ಮೊದಲಿನಿಂದ ಕೊನೆಯವರೆಗೆ ತನ್ನದೆನ್ನಬಹುದಾದ ಒಂದು ಕೆಲಸ ಕೊಟ್ಟು ನೋಡಿರಿ. ನಮ್ಮ ಮಗಳಿಗೆ ಬೆಳಗಿನ ಪೂಜೆಯ ಪತ್ರಿ-ಪುಷ್ಪಗಳ ಹೊಣೆ ಬಂದಿತು. ಯಾವ ಗಿಡ ಯಾವಾಗ ಹೂ ಬಿಡುತ್ತದೆ, ಬಿಲ್ವದ ಎಳೆಯ ಎಲೆ ಹೇಗಿರುತ್ತದೆ, ಮುಳ್ಳು ತಾಗದಂತೆ ಕೊಂಬೆ ಹಿಡಿಯುವುದು ಹೇಗೆ ಎಂಬುದು ಈಗ ಅವಳಿಗೆ ನಮಗಿಂತ ಚೆನ್ನಾಗಿ ತಿಳಿದಿದೆ. ಅವಳು ಊರಿಗೆ ಹೋದ ದಿನ ಪೂಜೆಯ ಹೂಬುಟ್ಟಿ ಖಾಲಿಯಿತ್ತು. ತಾನಿಲ್ಲದಿದ್ದರೆ ಏನೋ ಒಂದು ನಿಲ್ಲುತ್ತದೆ ಎಂಬ ಅರಿವೇ ಮಗುವಿಗೆ ಹಿಗ್ಗು ಕೊಡುತ್ತದೆ. ಗೋಡೆಯ ಮೇಲಿನ ಗುರುತಿಗೆ ಆ ಶಕ್ತಿಯಿಲ್ಲ.

ಇನ್ನು ಎರಡನೆಯದು ನಮಗೆ ಬಹಳ ಕಷ್ಟವಾದದ್ದು. ಮಗು ಗುಡಿಸಿದ ಅಂಗಳದ ಮೂಲೆಯಲ್ಲಿ ಕಸ ಉಳಿದಿರುತ್ತದೆ. ತೊಳೆದ ತಾಟಿಗೆ ಸಾಬೂನಿನ ನೊರೆ ಅಂಟಿರುತ್ತದೆ. ನಮ್ಮ ಕೈ ತಾನಾಗಿಯೇ ಕಸಬರಿಗೆಯ ಕಡೆಗೆ ಹೋಗುತ್ತದೆ. ಮಗು ಮಾಡಿದ ಕೆಲಸವನ್ನು ಅದರ ಕಣ್ಣೆದುರಿಗೇ ಮತ್ತೊಮ್ಮೆ ಮಾಡುವುದಕ್ಕಿಂತ ದೊಡ್ಡ ಬೈಗುಳವಿಲ್ಲ. ಅತ್ತೆಯವರು ಇದಕ್ಕೂ ಒಂದು ದಾರಿ ಹೇಳಿದರು: ಬಿಟ್ಟುಬಿಡು, ನಾಳೆ ಆ ಮೂಲೆಯಿಂದಲೇ ಗುಡಿಸಲು ಶುರು ಮಾಡೆಂದು ಹೇಳು. ಹೇಳಿದೆವು. ನಾಳೆ ಇನ್ನೊಂದು ಮೂಲೆಯಲ್ಲಿ ಕಸ ಉಳಿಯಿತು! ಹೀಗೆ ನಾಲ್ಕು ಮೂಲೆಗಳು ಸುತ್ತಿ ಬರಲು ತಿಂಗಳಾಯಿತು. ಆ ತಿಂಗಳಿನಲ್ಲಿ ಬಂದ ಬೀಗರೊಬ್ಬರು ಮೂಲೆಯನ್ನು ನೋಡಿ ಹುಬ್ಬೇರಿಸಿದ್ದೂ ಉಂಟು, ಅದನ್ನು ನುಂಗಿಕೊಂಡೆವು.

ಆಟವೆಂದರೆ ಸ್ಪರ್ಧೆಯೆಂದು ಕೆಲವರ ಭಾವನೆ. ಒಡಹುಟ್ಟಿದವರ ನಡುವೆ “ಯಾರು ಮೊದಲು” ಎಂದು ಹಚ್ಚಿಕೊಟ್ಟರೆ ದೊಡ್ಡದು ಗೆಲ್ಲುತ್ತದೆ, ಚಿಕ್ಕದು ಅಳುತ್ತದೆ, ಮೂರನೆಯ ದಿನ ಇಬ್ಬರೂ ಇರುವುದಿಲ್ಲ. ಅದಕ್ಕಿಂತ ಇಬ್ಬರೂ ಕೂಡಿ ಒಲೆಯ ವಿರುದ್ಧ ಆಡಲಿ. ಹಾಲು ಉಕ್ಕುವುದರೊಳಗೆ ತಾಟುಗಳನ್ನೆಲ್ಲ ಹಾಕಿ ಮುಗಿಸಬೇಕು. ಕುಕ್ಕರು ಮೂರು ಸಲ ಕೂಗುವುದರೊಳಗೆ ಶೇಂಗಾ ಸುಲಿದು ಬಟ್ಟಲು ತುಂಬಬೇಕು. ಸೋತರೂ ಇಬ್ಬರೂ ಕೂಡಿಯೇ ಸೋಲುತ್ತಾರೆ. ಹಳೆಯ ಮೈಸೂರಿನ ಕಡೆಯ ಮನೆಗಳಲ್ಲಿ ಚಳಿಗಾಲ ಬಂತೆಂದರೆ ಅವರೆಕಾಳು ನೆನೆಹಾಕಿ, ರಾತ್ರಿ ಊಟದ ಮೇಲೆ ಮನೆಮಂದಿಯೆಲ್ಲ ಪರಾತದ ಸುತ್ತ ಕುಳಿತು ಹಿತಕುವುದುಂಟು. ಬೆರಳಲ್ಲಿ ಒತ್ತಿದರೆ ಬೇಳೆ ಪುಟಕ್ಕನೆ ಹಾರಿ ಎದುರಿನವರ ಮೂಗಿಗೆ ಬಡಿಯುತ್ತದೆ. ಆ ಕೆಲಸವನ್ನು ಆಟ ಮಾಡಲು ಯಾವ ಶಾಸ್ತ್ರಜ್ಞನೂ ಬೇಕಾಗಲಿಲ್ಲ. ನಮ್ಮ ಕಡೆ ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಶ್ಯಾವಿಗೆ, ಹಪ್ಪಳ, ಸಂಡಿಗೆ ಒಣಹಾಕಿ ಕಾಗೆ ಕಾಯಲು ಮಕ್ಕಳನ್ನು ಕೂರಿಸುತ್ತಿದ್ದರು. ಕಾಗೆಗಿಂತ ಕಾವಲುಗಾರರೇ ಹೆಚ್ಚು ಹಸಿ ಸಂಡಿಗೆ ತಿನ್ನುತ್ತಿದ್ದರೆಂಬುದು ಎಲ್ಲ ಅಜ್ಜಿಯರಿಗೂ ಗೊತ್ತಿತ್ತು. ಆ ಲೆಕ್ಕ ಹಿಡಿದೇ ಅವರು ಹಿಟ್ಟು ಹೆಚ್ಚು ಕಲಸುತ್ತಿದ್ದರು.

ಇಲ್ಲಿ ಹಾಡಿನ ಮಾತನ್ನೂ ಹೇಳಬೇಕು. ಬೆಳಗಿನ ಜಾವ ಬೀಸುವ ಕಲ್ಲಿನ ಮುಂದೆ ಕುಳಿತ ನಮ್ಮ ಹಿರಿಯಮ್ಮಂದಿರು ಹಾಡದೆ ಬೀಸಿದವರಲ್ಲ. ಕಲ್ಲಿನ ಸುತ್ತಿಗೂ ತ್ರಿಪದಿಯ ನಡೆಗೂ ಹೊಂದಿಕೆಯಿತ್ತು. ಹಲಸಂಗಿಯ ಗೆಳೆಯರು ಆ ಹಾಡುಗಳನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಎಂಬ ಪುಸ್ತಕ ಮಾಡಿರದಿದ್ದರೆ, ಹಿಟ್ಟಿನ ಗಿರಣಿಗಳು ಬಂದ ಮೇಲೆ ಎಷ್ಟು ಉಳಿಯುತ್ತಿದ್ದವೋ! ದಣಿವನ್ನು ಮರೆಯಲು ದೊಡ್ಡವರೇ ಹಾಡನ್ನು ಆಶ್ರಯಿಸಿದ್ದರೆಂದ ಮೇಲೆ, ಮಕ್ಕಳು ಬಾಯಿ ಮುಚ್ಚಿಕೊಂಡು ಪಾತ್ರೆ ಒರೆಸಬೇಕೆಂಬುದು ಯಾವ ನ್ಯಾಯ? ನಮ್ಮ ಮನೆಯಲ್ಲಿ ಮಗನು ತಾಟು ಒರೆಸುತ್ತ ಹದಿಮೂರರ ಮಗ್ಗಿ ಹೇಳುತ್ತಾನೆ. ತಾಳ ತಪ್ಪಿದರೆ ತಾಟು ಬೀಳುತ್ತದೆ. ಸ್ಟೀಲಿನ ತಾಟು, ಚಿಂತೆಯಿಲ್ಲ.

ಮಗ, ತಾಟು ಎಂದಾಗ ಕೆಲವು ಹಿರಿಯರು ಮುಖ ಸಿಂಡರಿಸಿಯಾರು. ಸಿಂಡರಿಸಲಿ. ಭಾರತ ಸರಕಾರವು 2019ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ಆರು ವರ್ಷಕ್ಕೆ ಮೇಲ್ಪಟ್ಟ ಹೆಣ್ಣುಮಕ್ಕಳಲ್ಲಿ ನೂರಕ್ಕೆ 81 ಮಂದಿ ದಿನವೂ ಸಂಬಳವಿಲ್ಲದ ಮನೆಗೆಲಸ ಮಾಡಿದರು. ಗಂಡಸರಲ್ಲಿ 26 ಮಂದಿ. ಹಾಗೆ ಮಾಡಿದವರಲ್ಲಿಯೂ ಹೆಂಗಸರಿಗೆ ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರಿಗೆ 97 ನಿಮಿಷ ಹಿಡಿಯಿತು. ಐದು ತಾಸಿಗೂ ಒಂದೂವರೆ ತಾಸಿಗೂ ಇರುವ ಈ ಅಂತರವು ಮದುವೆಯ ದಿನ ಹುಟ್ಟಿದ್ದಲ್ಲ. “ತಂಗೀ, ಅಣ್ಣಗ ನೀರು ಕೊಡು” ಎಂದು ಐದು ವರ್ಷದ ಹುಡುಗಿಗೆ ಹೇಳಿದ ದಿನ ಹುಟ್ಟಿದ್ದು. ನಮ್ಮ ಮಗಳು ಆ ಪಟ್ಟಿಯ ದಿನಗಳಲ್ಲಿ “ನನಗೆ ರೊಕ್ಕ ಬೇಡ” ಎಂದು ಕುಳಿತಾಗ ನಾವು ಸಿಟ್ಟಾಗಿದ್ದೆವು. ಮಗ ಕುಳಿತಿದ್ದರೆ ಅಷ್ಟು ಸಿಟ್ಟಾಗುತ್ತಿದ್ದೆವೇ? ಇಲ್ಲವೆಂದು ಒಪ್ಪಿಕೊಳ್ಳಬೇಕು. “ಅವ್ವಗ ಸಹಾಯ ಮಾಡು” ಎಂಬ ಮಾತನ್ನೂ ಅಂದಿನಿಂದ ಬಿಟ್ಟಿದ್ದೇವೆ. ಸಹಾಯವೆಂದೊಡನೆ ಕೆಲಸವು ಅವ್ವನದಾಗಿ, ಉಳಿದವರೆಲ್ಲ ಉಪಕಾರ ಮಾಡಿದವರಾಗಿಬಿಡುತ್ತಾರೆ.

ಹೀಗೆಂದ ಮಾತ್ರಕ್ಕೆ ಮನೆಯ ಎಲ್ಲ ಕೆಲಸವೂ ಆಟವಾಗುತ್ತದೆಂದು ಯಾರೂ ಭ್ರಮಿಸಬಾರದು. ಬಚ್ಚಲು ತಿಕ್ಕುವುದು ಯಾವ ಯುಗದಲ್ಲಿಯೂ ಆಟವಾಗಲಾರದು. ಅದನ್ನು ಆಟವೆಂದು ಹೇಳಿ ಮಕ್ಕಳನ್ನು ಮೋಸಗೊಳಿಸುವುದಕ್ಕಿಂತ, “ಇದು ಬೇಸರದ ಕೆಲಸವೇ, ಬಾ, ಇಬ್ಬರೂ ಕೂಡಿ ಬೇಗ ಮುಗಿಸೋಣ” ಎನ್ನುವುದು ಲೇಸು. ಕುದಿಯುವ ನೀರು, ಗ್ಯಾಸಿನ ಒಲೆ, ಈಳಿಗೆ, ಬಚ್ಚಲು ತೊಳೆಯುವ ಆ್ಯಸಿಡ್ಡು ಇವುಗಳಿಂದ ಚಿಕ್ಕ ಮಕ್ಕಳನ್ನು ದೂರವಿಡಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ತಮ್ಮ-ತಂಗಿಯರನ್ನು ನೋಡಿಕೊಳ್ಳಲೆಂದು ಹುಡುಗಿಯ ಶಾಲೆ ಬಿಡಿಸುವ ಮನೆಗಳು ಇನ್ನೂ ಇವೆ. ನಾವು ಹೇಳುತ್ತಿರುವುದು ಅದನ್ನಲ್ಲ; ಅದು ಅನ್ಯಾಯ.

ಕೊನೆಗೆ ರೊಟ್ಟಿಯ ಪ್ರಸಂಗ. ನಮ್ಮ ತವರು ಕೊಪ್ಪಳ ಸೀಮೆಯ ಒಂದು ಹಳ್ಳಿ. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆ ಬಂದಾಗ ಸುತ್ತಣ ಊರುಗಳಿಂದ ದಾಸೋಹಕ್ಕೆ ಜೋಳದ ರೊಟ್ಟಿಗಳು ಗಾಡಿಗಟ್ಟಲೆ, ಟ್ರ್ಯಾಕ್ಟರುಗಟ್ಟಲೆ ಹೋಗುವುದನ್ನು ಓದುಗರಲ್ಲಿ ಅನೇಕರು ಕಂಡಿರಬಹುದು. ಮನೆಮನೆಯಲ್ಲಿಯೂ ವಾರ ಮೊದಲೇ ಬಡಿಯುವ ಸಪ್ಪಳ ಕೇಳಿಬರುತ್ತದೆ. ಅತ್ತೆಯವರು ಕೋಲು ಹಿಡಿದು ನಡೆಯುವಷ್ಟು ಸುಧಾರಿಸಿದ ವರ್ಷ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋಗಿದ್ದೆವು. ಅಲ್ಲಿ ಅಡಿಗೆಮನೆಯಲ್ಲಿ ಸೋದರತ್ತಿಗೆಯರು, ನೆರೆಯವರು, ಎಂಟು ಹತ್ತು ಮಂದಿ ಸಾಲಾಗಿ ಕುಳಿತಿದ್ದರು. ನಮ್ಮ ಮಗ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದ. ಜೋಳದ ಹಿಟ್ಟಿಗೆ ಗೋದಿಯ ಹಾಗೆ ಜಿಗುಟು ಇಲ್ಲ; ಕುದಿಯುವ ನೀರು ಹಾಕಿ ಬಿಸಿಯಿರುವಾಗಲೇ ನಾದದಿದ್ದರೆ ಅಂಚು ಸೀಳುತ್ತದೆ. ನೀರು ಹಾಕುವ ಕೆಲಸವನ್ನು ಹಿರಿಯರು ಮಾಡಿ, ಹದವಾದ ಮೇಲೆ ಲಿಂಬೆಗಾತ್ರದ ಮುದ್ದೆಯೊಂದನ್ನು ಅವನ ಕೈಗಿಟ್ಟರು. ಅವನು ತಟ್ಟಿದ. ಅದು ಹರಿಯಿತು. ಮತ್ತೆ ಕೂಡಿಸಿ ತಟ್ಟಿದ. ಮೂರನೆಯ ಸಲ ಅಂಗೈಯಗಲದ, ಯಾವ ದೇಶದ ನಕಾಶೆಗೂ ಹೋಲದ ಒಂದು ರೊಟ್ಟಿ ಹಂಚಿನ ಮೇಲೆ ಬಿತ್ತು. ಮೇಲೆ ಹಸಿ ಅರಿವೆಯಿಂದ ನೀರು ಸವರುವುದನ್ನು ಅಕ್ಕ ತೋರಿಸಿಕೊಟ್ಟಳು.

ಆ ರೊಟ್ಟಿಯನ್ನು ಮನೆಗೇ ಇಟ್ಟುಕೊಳ್ಳೋಣವೆಂದು ನಾವು ಮೆಲ್ಲನೆ ಅಂದೆವು. ಹುಡುಗ ಒಪ್ಪಲಿಲ್ಲ. ಒಣಗಿಸಿ, ಬುಟ್ಟಿಯಲ್ಲಿ ದೊಡ್ಡ ರೊಟ್ಟಿಗಳ ನಡುವೆ ತಾನೇ ಇಟ್ಟು, ಮೇಲೆ ಅರಿವೆ ಮುಚ್ಚಿ, ಟ್ರ್ಯಾಕ್ಟರಿನವರೆಗೆ ಬುಟ್ಟಿಯ ಒಂದು ಬದಿ ಹಿಡಿದು ನಡೆದ. ಲಕ್ಷಗಟ್ಟಲೆ ರೊಟ್ಟಿಗಳಲ್ಲಿ ಅದು ಯಾರ ತಾಟಿಗೆ ಬಿತ್ತೋ! ಮನೆಗೆ ಮರಳಿ ಬಂದ ಮೇಲೆ ಅವನು ಅಜ್ಜಿಗೆ ಹೇಳಿದ ಮೊದಲ ಮಾತು ಅದೇ: “ಅಜ್ಜಿ, ಯಾರೋ ನನ್ನ ರೊಟ್ಟಿ ಉಂಡಾರ.” ಅತ್ತೆಯವರು, “ಯಾರಂತ ಗೊತ್ತೇನು?” ಎಂದು ಕೇಳಿದರು. “ಗೊತ್ತಿಲ್ಲ” ಎಂದ ಹುಡುಗ, ಹೇಳದೆಯೇ ಗಡಿಗೆಯಿಂದ ತಂಬಿಗೆ ತುಂಬಿ ಅವರ ಪಕ್ಕದಲ್ಲಿಟ್ಟು ಆಡಲು ಓಡಿದ.

ನಮ್ಮ ಯಜಮಾನರ ವಿಷಯವನ್ನೂ ಹೇಳಿಬಿಡುತ್ತೇವೆ, ಇಲ್ಲದಿದ್ದರೆ ಮಕ್ಕಳು ಈ ಬರಹವನ್ನು ಓದಿ ಕೇಳುತ್ತಾರೆ. ಮಗ ಮಾಡುವುದನ್ನು ನೋಡಿ ನೋಡಿ, ಈಗ ಅವರೂ ಉಂಡ ತಾಟನ್ನು ತಾವೇ ತೊಳೆಯುತ್ತಾರೆ. ತೊಳೆದ ತಾಟನ್ನು ಎಲ್ಲಿಡಬೇಕೆಂದು ಮಾತ್ರ ದಿನವೂ ಕೇಳುತ್ತಾರೆ.